ನದಿಯ ಹರಿವು ನೋಡಿ ದಿನಾಂಕ ನಿಗದಿ: ರಂಗನತಿಟ್ಟಿಗೆ ಮಕ್ಕಳ ಪ್ರವಾಸ

ಗ್ರಾಮ ಪಂಚಾಯತಿ ಅರಿವು ಕೇಂದ್ರದ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯಲು ಕಾವೇರಿ ನದಿಯ ರಂಗನತಿಟ್ಟು ಪಕ್ಷಿಧಾಮ ಸೂಕ್ತ ಸ್ಥಳವಾಗಿದೆ. ಆದರೆ ನದಿಯ ತಾಣಕ್ಕೆ ಹೋಗುವ ದಿನಾಂಕವನ್ನು ರಜೆಯ ಪಟ್ಟಿಯೊಂದನ್ನೇ ನೋಡಿ ನಿಗದಿಪಡಿಸಲಾಗದು. ನದಿಯ ಹರಿವನ್ನೂ ಗಮನಿಸಬೇಕಾಗುತ್ತದೆ.

ಸ್ಥಳದ ಪರಿಚಯ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಸಮೀಪ, ನದಿಗೆ ಅಡ್ಡಲಾಗಿ ಹಿಂದೆ ಕಟ್ಟಿದ ಒಡ್ಡಿನಿಂದ ರೂಪುಗೊಂಡ ನಡುಗಡ್ಡೆಗಳೇ ಈ ಪಕ್ಷಿಧಾಮ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆಗಳು ಇಲ್ಲಿ ಗೂಡು ಕಟ್ಟುತ್ತವೆ. ನೀರಿನಲ್ಲಿ ಮೊಸಳೆಗಳೂ ಇವೆ.

ಹರಿವಿನ ಪರಿಣಾಮ

ಪಕ್ಷಿಧಾಮದ ಮೇಲ್ಭಾಗದಲ್ಲಿ ಕೃಷ್ಣರಾಜಸಾಗರ ಜಲಾಶಯವಿದೆ. ಇದರ ಗರಿಷ್ಠ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಜಲಾಶಯ ತುಂಬಿ ಹೆಚ್ಚಿನ ನೀರನ್ನು ಹೊರಬಿಟ್ಟಾಗ ನಡುಗಡ್ಡೆಗಳು ಮುಳುಗಡೆಯಾಗುತ್ತವೆ, ದೋಣಿ ವಿಹಾರವೂ ಸ್ಥಗಿತಗೊಳ್ಳುತ್ತದೆ. ಆದುದರಿಂದ ಮಳೆಗಾಲವನ್ನು ಬಿಟ್ಟು, ವಲಸೆ ಹಕ್ಕಿಗಳೂ ಬಂದಿರುವ ಡಿಸೆಂಬರ್ ನಂತರದ ದಿನಗಳನ್ನು ಆರಿಸುವುದು ಉತ್ತಮ.

ಪೂರ್ವಸಿದ್ಧತೆ

1. ಪ್ರವಾಸದ ಉದ್ದೇಶ, ವೆಚ್ಚದ ಮೂಲ ಹಾಗೂ ಜವಾಬ್ದಾರಿ ಹೊರುವವರ ಹೆಸರನ್ನು ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸುವುದು.
2. ಪ್ರತಿ ಮಗುವಿನ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯುವುದು.
3. ಹೊರಡುವ ಹಿಂದಿನ ದಿನ ಜಲಾಶಯದ ಹೊರಹರಿವಿನ ಪ್ರಮಾಣವನ್ನೂ ದೋಣಿ ಸೌಲಭ್ಯವನ್ನೂ ವಿಚಾರಿಸುವುದು. ಬದಲಿ ದಿನಾಂಕವನ್ನು ಮೊದಲೇ ಗುರುತಿಸಿಟ್ಟುಕೊಳ್ಳುವುದು.
4. ಮಕ್ಕಳನ್ನು ಚಿಕ್ಕ ತಂಡಗಳಾಗಿ ವಿಂಗಡಿಸಿ ಪ್ರತಿ ತಂಡಕ್ಕೂ ಒಬ್ಬ ಹಿರಿಯರನ್ನು ನೇಮಿಸುವುದು. ಹೆಣ್ಣುಮಕ್ಕಳಿರುವ ತಂಡದೊಂದಿಗೆ ಮಹಿಳೆಯೊಬ್ಬರು ಇರತಕ್ಕದ್ದು.
5. ದೋಣಿಯಲ್ಲಿ ಎಲ್ಲರೂ ಜೀವರಕ್ಷಕ ಕವಚ ಧರಿಸಿರುವುದನ್ನು ಖಚಿತಪಡಿಸಿಕೊಳ್ಳುವುದು. ಕೈಯನ್ನು ನೀರಿಗಿಳಿಸಲು ಬಿಡಬಾರದು.
6. ಊಟಕ್ಕೆ ಸ್ಟೀಲ್ ತಟ್ಟೆ, ಲೋಟಗಳನ್ನು ಒಯ್ಯುವುದು.

ಹಿಂದಿರುಗುವ ದಾರಿ

ಪಕ್ಷಿಧಾಮದೊಳಗೆ ಸಿಬ್ಬಂದಿಯ ಕಣ್ಗಾವಲು ಇರುತ್ತದೆ. ಅಪಾಯ ಹೆಚ್ಚಿರುವುದು ಅಲ್ಲಿಂದ ಹೊರಬಂದ ಮೇಲೆ. ಬಲಮುರಿ, ಎಡಮುರಿ, ಸಂಗಮದಂತಹ ಸ್ಥಳಗಳಲ್ಲಿ ಸ್ವಲ್ಪ ಹೊತ್ತು ನೀರಿಗಿಳಿಯೋಣವೆಂದು ಮಕ್ಕಳು ಕೇಳುವುದು ಸಹಜ. ಮೇಲ್ನೋಟಕ್ಕೆ ಮೊಣಕಾಲುದ್ದ ಕಾಣುವ ನೀರಿನಡಿ ಪಾಚಿಗಟ್ಟಿದ ಬಂಡೆ, ಆಳವಾದ ಗುಂಡಿ ಹಾಗೂ ಸೆಳೆತವಿರುತ್ತವೆ. ಈ ಜಾಗಗಳಲ್ಲಿ ಈಜಲು ಬಲ್ಲವರೂ ಪ್ರಾಣ ಕಳೆದುಕೊಂಡಿದ್ದಾರೆ. ಆದುದರಿಂದ ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಯಾವುದೇ ನದಿ ದಡದಲ್ಲಿ ವಾಹನ ನಿಲ್ಲಿಸಬಾರದೆಂಬ ಷರತ್ತನ್ನು ಚಾಲಕರಿಗೂ ಜೊತೆಗೆ ಬರುವ ಸದಸ್ಯರಿಗೂ ಮೊದಲೇ ತಿಳಿಸತಕ್ಕದ್ದು. ತುರ್ತು ನೆರವಿಗೆ 112ಕ್ಕೆ ಕರೆ ಮಾಡಬಹುದು.

ಪ್ರತಿ ನಿಲುಗಡೆಯ ನಂತರ ಮಕ್ಕಳ ಹಾಜರಿ ತೆಗೆದುಕೊಂಡು, ಊರಿಗೆ ಮರಳಿದ ಬಳಿಕ ಪ್ರತಿ ಮಗುವನ್ನೂ ಪೋಷಕರಿಗೆ ಒಪ್ಪಿಸಿ ಸಹಿ ಪಡೆದಾಗಲೇ ಪ್ರವಾಸ ಮುಗಿಯಿತೆಂದು ತಿಳಿಯುವುದು.