ಹಳೆ ಗಾಡಿ ತಗೊಳ್ಳೋ ಮೊದಲು ಅದರ ಜಾತಕ ನೋಡಿ

ಭಟ್ಕಳದ ಮಲ್ಲಿಗೆ ಇರಲಿ, ಹೊನ್ನಾವರದ ವೀಳ್ಯದೆಲೆ ಇರಲಿ, ಕುಮಟಾದ ಈರುಳ್ಳಿ ಇರಲಿ, ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟದಿದ್ದರೆ ರೇಟು ಸಿಗೋದಿಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ಸೆಕೆಂಡ್ ಹ್ಯಾಂಡ್ ಕಾರೋ ಪಿಕಪ್ಪೋ ಹುಡುಕ್ತಾ ಇರ್ತಾರೆ. ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ, ಬೆಲೆ ಕಡಿಮೆ ಅನಿಸುತ್ತದೆ, ಅವತ್ತೇ ಅಡ್ವಾನ್ಸ್ ಕೊಟ್ಟುಬಿಡ್ತೇವೆ.

ನಾನೂ ಹಾಗೇ ಮಾಡಿದ್ದೆ. ಇಂಜಿನ್, ಟಯರ್ ಎಲ್ಲ ನೋಡಿದೆ, ಆರ್‌ಸಿ ಮಾತ್ರ ಪೂರ್ತಿ ಓದಲಿಲ್ಲ. ಹಿಂದಿನವರ ಸಾಲ ತೀರಿದ್ದರೂ ಆರ್‌ಸಿಯಿಂದ ತೆಗೆಸಿರಲಿಲ್ಲ. ಗಾಡಿ ನನ್ನ ಹೆಸರಿಗೆ ಆಗುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು.

ಫೋನಿನಲ್ಲೇ ಹತ್ತು ನಿಮಿಷ

ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ. ಇಷ್ಟನ್ನು ನೋಡಿ:

1. ನೋಂದಣಿ ಆದ ದಿನ, ಎಷ್ಟನೇ ಮಾಲೀಕರು. ಮಾರುವವರು ಹೇಳಿದ್ದಕ್ಕೆ ತಾಳೆ ಆಗಬೇಕು.
2. ಸಾಲ. ಬ್ಯಾಂಕ್ ಅಥವಾ ಫೈನಾನ್ಸ್ ಹೆಸರು ಇದ್ದರೆ, ಅವರಿಂದ ಎನ್‌ಒಸಿ ಮತ್ತು ಫಾರ್ಮ್ 35 ತರಿಸಿದ ಮೇಲೆಯೇ ಹಣದ ಮಾತು.
3. ಇನ್ಶೂರೆನ್ಸ್, ಹೊಗೆ ಪರೀಕ್ಷೆ ಎಲ್ಲಿಯವರೆಗೆ ಇದೆ.
4. ಹಳದಿ ಬೋರ್ಡಿನ ಪಿಕಪ್ ಆದರೆ ಫಿಟ್ನೆಸ್. 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು.

ಬಾಕಿ ದಂಡ ಇದೆಯಾ ಅಂತ ಪರಿವಾಹನ್‌ನ ಇ-ಚಲನ್ ಪುಟದಲ್ಲಿ ನೋಡಿ. ಕೊನೆಗೆ, ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿ ಮೇಲಿನ ನಂಬರಿಗೆ ಅಕ್ಷರ ಅಕ್ಷರ ಹೋಲಿಸಿ.

ಗೋವಾ ಗಾಡಿ ಅಗ್ಗವೇ?

ನಮ್ಮ ಕರಾವಳಿಯಲ್ಲಿ ಗೋವಾ ನೋಂದಣಿಯ ಕಾರುಗಳು ಮಾರಾಟಕ್ಕೆ ಬರ್ತಾ ಇರುತ್ತವೆ. ಬೆಲೆ ಕೇಳಿ ಖುಷಿ ಆಗಬೇಡಿ. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಫಾರ್ಮ್ 28) ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಈ ತೆರಿಗೆ ಬೆಲೆಯ ಶೇ. 13ರಿಂದ 18. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಆಗುತ್ತದೆ, ಆದರೂ ಸಣ್ಣ ಮೊತ್ತ ಅಲ್ಲ. ಹೊನ್ನಾವರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲೆಕ್ಕ ಕೇಳಿ, ಆ ಮೊತ್ತವನ್ನು ಬೆಲೆಗೆ ಸೇರಿಸಿ, ಕೆಎ-47 ಗಾಡಿಯ ಜೊತೆ ಹೋಲಿಸಿ. ಆಗ ಯಾವುದು ಅಗ್ಗ ಅಂತ ತಿಳಿಯುತ್ತದೆ.

ಉಪ್ಪು ತಿಂದ ಗಾಡಿ

ಮೀನು ಸಾಗಿಸಿದ ಪಿಕಪ್ಪಿಗೆ ಮೇಲೆ ಹೊಸ ಬಣ್ಣ ಹೊಡೆದಿರುತ್ತಾರೆ, ಆದರೆ ಉಪ್ಪುನೀರು ಕೆಳಗಡೆ ತುಕ್ಕು ಹಿಡಿಸಿರುತ್ತದೆ. ಗ್ಯಾರೇಜಿನಲ್ಲಿ ಎತ್ತಿಸಿ ಚಾಸಿ ನೋಡಿ, ಸ್ಕ್ರೂಡ್ರೈವರಿನಲ್ಲಿ ತಟ್ಟಿ. ಪದರ ಪದರ ಉದುರಿದರೆ ಬಿಟ್ಟುಬಿಡಿ. ಒಳಗೆ ಮ್ಯಾಟ್ ಎತ್ತಿ ನೋಡಿ. ಸೀಟಿನ ಅಡಿ ಕೆಸರು ಒಣಗಿದ್ದರೆ ನೆರೆನೀರು ಹೊಕ್ಕಿರಬಹುದು.

ಹೆಸರಿಗೆ ಮಾಡಿಸೋದು

ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ಹಾಕಿಸಿಕೊಳ್ಳಿ. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಕೇಂದ್ರದ ನಿಯಮದಂತೆ ಹಸ್ತಾಂತರ ಶುಲ್ಕ ಸ್ವಂತ ಬಳಕೆಯ ಕಾರಿಗೆ 300 ರೂ., ಲಘು ಸರಕು ವಾಹನಕ್ಕೆ 500 ರೂ. ಸ್ಮಾರ್ಟ್ ಕಾರ್ಡಿಗೆ 200 ರೂ. ಬೇರೆ. ಸಾಲದ ನಮೂದು ತೆಗೆಸುವುದಿದ್ದರೆ, ವಿಳಂಬ ಆದರೆ ಮತ್ತಷ್ಟು ಸೇರುತ್ತದೆ. ಏಜೆಂಟರು ಸಾವಿರಗಟ್ಟಲೆ ಹೇಳಿದರೆ, ಸರ್ಕಾರಕ್ಕೆ ಎಷ್ಟು, ನಿಮಗೆ ಎಷ್ಟು ಅಂತ ಬಿಡಿಸಿ ಕೇಳಿ. ರಸೀದಿ ತಗೊಳ್ಳಿ. ಇನ್ಶೂರೆನ್ಸನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿ.

ನಿಮ್ಮ ಹಳೆ ಗಾಡಿ ಮಾರುವಾಗಲೂ ಇದು ನೆನಪಿರಲಿ. ಅಪಘಾತ ಆದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಎಷ್ಟು ಕೈ ದಾಟಿದ್ದರೂ ಪರಿಹಾರದ ಕೇಸು ನಿಮ್ಮ ಮನೆ ಬಾಗಿಲಿಗೇ ಬರಬಹುದು.

ಅದಕ್ಕೇ ಬೆಲೆಯ ಒಂದು ಭಾಗವನ್ನು ಹೆಸರು ಬದಲಾದ ಮೇಲೆ ಕೊಡ್ತೇನೆ ಅಂತ ಬರೆದುಕೊಳ್ಳಿ. ಕಾಗದ ಸರಿ ಇರುವವರು ಸಾಮಾನ್ಯವಾಗಿ ಒಪ್ತಾರೆ. ಒಪ್ಪದೆ ಅವಸರ ಮಾಡಿದರೆ ಇನ್ನೊಂದು ಗಾಡಿ ನೋಡಿ.