ಗಿಟಾರಿನ ಜೊತೆ ಬಂದ ಶರೀಫರು

ಮಕ್ಕಳೇ, ನೀವು ಫೋನಿನಲ್ಲಿ ಹಾಡು ಹಾಕಿದರೆ ಮನೆಯ ತಾತ, ಅಜ್ಜಿ ‘ಇದೇನು ಗದ್ದಲ!’ ಎನ್ನುತ್ತಾರೆಯೇ? ಹಾಗಾದರೆ ಈ ಪುಟವನ್ನು ಅವರ ಪಕ್ಕದಲ್ಲೇ ಕೂತು ಓದಿ. ನಾನೂ ಎಪ್ಪತ್ತು ದಾಟಿದ ತಾತನೇ. ಬ್ಯಾಂಕಿನ ಗುಮಾಸ್ತಿಕೆ ಮುಗಿಸಿ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಇದ್ದೇನೆ. ಈಚೆಗೆ ಮೊಮ್ಮಗನ ಜೊತೆ ಬೆಂಗಳೂರಿನ ಬ್ಯಾಂಡುಗಳ ಹೊಸ ಹಾಡುಗಳನ್ನು ಕೇಳುತ್ತಿದ್ದೇನೆ.

ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ಅಲ್ಲ. ನಾಲ್ಕೈದು ಮಂದಿ ಸೇರಿ, ಸಿನಿಮಾದ ಹಂಗಿಲ್ಲದೆ, ತಾವೇ ರಾಗ ಕಟ್ಟಿ, ತಾವೇ ನುಡಿಸಿ ಹಾಡುವ ತಂಡ. ಇದಕ್ಕೆ ಈಗ ‘ಇಂಡೀ’ ಸಂಗೀತ ಎಂದು ಹೆಸರು.

ಹಿರಿಯರೇ, ಸಿನಿಮಾ ಇಲ್ಲದೆ ಹಾಡು ಮನೆಗೆ ಬರುವುದು ನಮಗೆ ಹೊಸದೇನಲ್ಲ. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಕವಿ ನಿಸಾರ್ ಅಹಮದ್ ನಮ್ಮ ದೇವನಹಳ್ಳಿಯಲ್ಲೇ ಹುಟ್ಟಿದವರು; ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಪುಸ್ತಕದಲ್ಲಿದ್ದ ಕವಿತೆ ಟೇಪ್ ರೆಕಾರ್ಡರ್ ಹತ್ತಿ ಅಡುಗೆಮನೆಗೂ ಕೇಳಿಸಿತು. ಹಾಗೆಯೇ ಶಿಶುನಾಳ ಶರೀಫರು. ಅವರು 1889ರಲ್ಲೇ ತೀರಿಕೊಂಡವರು. ನಮ್ಮ ಪೀಳಿಗೆಯ ಎಷ್ಟೋ ಜನಕ್ಕೆ ಅವರ ತತ್ವಪದಗಳು ಸಿಕ್ಕಿದ್ದು ಸಿ. ಅಶ್ವಥ್ ಅವರ ಕಂಠದಿಂದ.

ಅದೇ ಶರೀಫರು ನಿಮ್ಮ ಕಾಲಕ್ಕೆ ಗಿಟಾರಿನ ಜೊತೆ ಬಂದಿದ್ದಾರೆ. ಪಂಚೆ ಉಟ್ಟು, ಗೆಜ್ಜೆ ಕಟ್ಟಿ ವೇದಿಕೆಗೆ ಬರುವ ರಘು ದೀಕ್ಷಿತ್ ತಮ್ಮ 2008ರ ಮೊದಲ ಆಲ್ಬಂನಲ್ಲಿ ಶರೀಫರ ಗುಡುಗುಡಿಯ ಪದವನ್ನೂ, 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ಯನ್ನೂ ಹಾಡಿದರು.

ಮೊದಲನೆಯದನ್ನು ಗುನುಗುತ್ತಿದ್ದ ಮೊಮ್ಮಗ ಒಂದು ದಿನ ಕೇಳಿದ: “ತಾತಾ, ಗುಡುಗುಡಿ ಅಂದ್ರೆ ಹುಕ್ಕಾ ಅಲ್ವಾ? ಅದನ್ನ ಸೇದು ಅಂತ ಹಾಡಬಹುದಾ?”

“ಸೇದೋದು ಹೊಗೆಸೊಪ್ಪನ್ನಲ್ಲ ಕಣೋ. ಮನಸ್ಸಿನಲ್ಲಿ ಮೋಹ ತುಂಬಿಕೊಂಡಿರುತ್ತಲ್ಲ, ಅದನ್ನ ಸುಟ್ಟು ಹೊಗೆ ಮಾಡು ಅಂತಾರೆ ಶರೀಫರು” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇನ್ನೊಂದು ಸಲ ಹಾಕ್ತೀನಿ” ಎಂದ. ಆ ಪ್ರಶ್ನೆ ಬರದಿದ್ದರೆ ರಾಗ ಅವನಲ್ಲಿ ಉಳಿಯುತ್ತಿತ್ತು, ಅರ್ಥ ನನ್ನ ಜೊತೆಗೇ ಹೋಗಿಬಿಡುತ್ತಿತ್ತು.

ಇನ್ನು ಹೊಸ ಬಿಡುಗಡೆಗಳು. ಹನ್ನೆರಡು ವರ್ಷ ಕಾಯಿಸಿ, 2025ರಲ್ಲಿ ರಘು ದೀಕ್ಷಿತ್ ‘ಶಕ್ಕರ್’ ತಂದರು. ಶಕ್ಕರ್ ಎಂದರೆ ಸಕ್ಕರೆ. ಶೀರ್ಷಿಕೆ ಹಾಡಿಗೆ ಶಂಕರ್ ಮಹಾದೇವನ್ ದನಿಗೂಡಿಸಿದ್ದಾರೆ. ಹಾಡುಗಾರಿಕೆಯ ಹುರುಪು ಇಳಿದಿಲ್ಲ. ಆದರೆ ಕನ್ನಡದ ಕಿವಿಗೆ ಹಿಂದಿಯ ಸಕ್ಕರೆಗಿಂತ ಶರೀಫರ ಬೆಲ್ಲವೇ ರುಚಿ.

ಬೆಂಗಳೂರಿನ ‘ಅಗಂ’ ತಂಡದ ಹೊಸ ಆಲ್ಬಂ ಕೂಡ 2025ರದ್ದೇ. ಅದರಲ್ಲಿ ತ್ಯಾಗರಾಜರ ‘ಮೋಕ್ಷಮು ಗಲದಾ’ ಕೃತಿಯಿದೆ. ಡ್ರಮ್ ಗುಡುಗಿದಾಗ ನಮ್ಮ ಮನೆಯವರು ಕಿವಿ ಮುಚ್ಚಿಕೊಂಡರು. ಕೃತಿಯ ಸಾಲು ಗುರುತು ಸಿಕ್ಕಿದ ಕೂಡಲೇ ಕೈ ತೆಗೆದು ತಾಳ ಹಾಕತೊಡಗಿದರು! ಆಮೇಲೆ ಮೊಮ್ಮಗನಿಗೆ ಅದೇ ಕೃತಿಯನ್ನು ಹಳೆಯ ಕ್ರಮದಲ್ಲಿ ತಾವೇ ಹಾಡಿ ತೋರಿಸಿದರು.

ನನ್ನ ತಕರಾರೂ ಇದೆ. ಕೆಲವು ಕಡೆ ವಾದ್ಯದ ಅಬ್ಬರದಲ್ಲಿ ಮಾತೇ ಮುಳುಗುತ್ತದೆ. ಭಾವಗೀತೆಯಲ್ಲಿ ಹಾರ್ಮೋನಿಯಂ ಪಕ್ಕಕ್ಕೆ ಸರಿದು ಮಾತಿಗೆ ದಾರಿ ಬಿಡುತ್ತಿತ್ತು. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಸಾಹಿತ್ಯ ಅಸಲು, ಹೊಸ ರಾಗ ಬಡ್ಡಿ. ಬಡ್ಡಿ ಬೆಳೆಯಲಿ, ಸಂತೋಷ. ಅಸಲು ಕರಗಬಾರದು.

ಅದನ್ನು ಕಾಯುವ ಕೆಲಸ ಬರೀ ಬ್ಯಾಂಡಿನದಲ್ಲ, ನಮ್ಮದೂ ಹೌದು. ಭಾನುವಾರ ಅರ್ಧ ಗಂಟೆ ಸಾಕು. ಮಕ್ಕಳು ಒಂದು ಹೊಸ ಹಾಡು ಹಾಕಲಿ, ಹಿರಿಯರು ಒಂದು ಹಳೆಯದು. ಹಾಡು ಮುಗಿಯುವ ತನಕ ಯಾರೂ ಮುಖ ಸಿಂಡರಿಸುವಂತಿಲ್ಲ. ಮುಗಿದ ಮೇಲೆ, ಗೊತ್ತಾಗದ ಒಂದು ಮಾತಿನ ಅರ್ಥವನ್ನು ಒಬ್ಬರನ್ನೊಬ್ಬರು ಕೇಳಬೇಕು. ತಾತನಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ನಿಘಂಟು ತೆರೆಯಿರಿ.