ದೀರ್ಘಕಾಲದ ಬೆನ್ನುನೋವು ಮತ್ತು ಮಾನಸಿಕ ಯಾತನೆ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಬೆನ್ನುನೋವನ್ನು ದೀರ್ಘಕಾಲದ ಬೆನ್ನುನೋವು ಎನ್ನುತ್ತಾರೆ. ಇದರಿಂದ ವ್ಯಕ್ತಿಯ ದುಡಿಮೆ ಹಾಗೂ ನಿತ್ಯದ ಕೆಲಸಗಳು ಎಷ್ಟು ಕುಂಠಿತವಾಗುತ್ತವೆ ಎಂಬುದನ್ನು ಬೆನ್ನುಮೂಳೆಯ ಸ್ಥಿತಿಯೊಂದೇ ನಿರ್ಧರಿಸುವುದಿಲ್ಲ. ಆತಂಕ, ಖಿನ್ನತೆ, ಭಯ ಮುಂತಾದ ಮಾನಸಿಕ ಯಾತನೆಗಳೂ ಮಹತ್ವದ ಪಾತ್ರ ವಹಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರನ್ನು ಕೆಳಬೆನ್ನಿನ ನೋವು ಬಾಧಿಸಿತ್ತು.

ಹಿನ್ನೆಲೆ

ನೋವು ದೇಹಕ್ಕಾದ ಪೆಟ್ಟಿನ ನೇರ ಅಳತೆ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಆದರೆ ಎಂಆರ್‌ಐ ಚಿತ್ರಗಳಲ್ಲಿ ಡಿಸ್ಕ್ ಸವೆತವು ನೋವೇ ಇಲ್ಲದ ಅನೇಕರಲ್ಲೂ ಕಂಡುಬರುತ್ತದೆ. ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ರೋಗವನ್ನು ದೇಹ, ಮನಸ್ಸು ಮತ್ತು ಸಮಾಜ ಈ ಮೂರರ ನೆಲೆಯಿಂದಲೂ ನೋಡಬೇಕೆಂದು ಪ್ರತಿಪಾದಿಸಿದರು. ಸ್ಕಾಟ್ಲೆಂಡಿನ ಮೂಳೆತಜ್ಞ ಗಾರ್ಡನ್ ವಾಡೆಲ್ 1987ರಲ್ಲಿ ಈ ದೃಷ್ಟಿಯನ್ನು ಬೆನ್ನುನೋವಿಗೆ ಅನ್ವಯಿಸಿದರು.

ಭಯ ಮತ್ತು ನಿಷ್ಕ್ರಿಯತೆ

ನೋವಿನ ಭಯವು ಚಟುವಟಿಕೆಯನ್ನು ತಡೆಯುವ ಬಗೆಯನ್ನು ವಿವರಿಸುವ ಮಾದರಿಯೊಂದು 1983ರಲ್ಲಿ ಪ್ರಕಟವಾಯಿತು. 2000ದಲ್ಲಿ ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ ಅದರ ಕುರಿತ ಅಧ್ಯಯನಗಳನ್ನು ವಿಮರ್ಶಿಸಿದರು. ಇದರಂತೆ, ಬಗ್ಗಿದರೆ ಬೆನ್ನು ಮುರಿದೀತೆಂದು ಹೆದರುವ ವ್ಯಕ್ತಿ ಚಲನೆಯನ್ನೇ ಕಡಿಮೆ ಮಾಡುತ್ತಾನೆ. ಸ್ನಾಯುಗಳು ದುರ್ಬಲವಾಗುತ್ತವೆ, ಕೆಲಸ ಮತ್ತು ಒಡನಾಟ ತಪ್ಪುತ್ತವೆ, ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ನೋವು ಇನ್ನಷ್ಟು ತೀವ್ರವಾಗಿ ತೋರುತ್ತದೆ. ಹೀಗೆ ನೋವು ಯಾತನೆಯನ್ನೂ ಯಾತನೆ ನೋವನ್ನೂ ಬೆಳೆಸುತ್ತವೆ.

ಎಚ್ಚರಿಕೆಯ ಬಾವುಟಗಳು

ನೋವು ದೀರ್ಘಕಾಲದ ಅಸಾಮರ್ಥ್ಯಕ್ಕೆ ತಿರುಗುವ ಸಂಭವವನ್ನು ಸೂಚಿಸುವ ಮಾನಸಿಕ ಹಾಗೂ ಸಾಮಾಜಿಕ ಲಕ್ಷಣಗಳಿಗೆ ‘ಹಳದಿ ಬಾವುಟ’ಗಳೆಂದು ಹೆಸರು. 1997ರಲ್ಲಿ ನ್ಯೂಜಿಲೆಂಡಿನಲ್ಲಿ ಪ್ರಕಟವಾದ ಮಾರ್ಗದರ್ಶಿಯೊಂದು ಇವನ್ನು ಪಟ್ಟಿಮಾಡಿತು. ಚಲನೆಯಿಂದ ಹಾನಿಯಾಗುತ್ತದೆಂಬ ನಂಬಿಕೆ, ಖಿನ್ನತೆ, ಉದ್ಯೋಗದಲ್ಲಿನ ಅತೃಪ್ತಿ ಮುಂತಾದವು ಇದರಲ್ಲಿ ಸೇರಿವೆ. ‘ಕೆಂಪು ಬಾವುಟ’ಗಳು ಬೇರೆ: ಮೂತ್ರದ ಮೇಲೆ ಹತೋಟಿ ತಪ್ಪುವುದು, ಕಾಲಿನ ಶಕ್ತಿ ಕುಂದುತ್ತ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಮುಂತಾದವು ಗಂಭೀರ ಕಾಯಿಲೆಯನ್ನು ಸೂಚಿಸಬಹುದು. ಇವು ಕಂಡಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು.

ಚಿಕಿತ್ಸೆ

ದೀರ್ಘಕಾಲ ಹಾಸಿಗೆ ಹಿಡಿದು ಮಲಗುವುದನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ತಿಳಿವಳಿಕೆ ನೀಡುವುದು, ಹಂತಹಂತವಾದ ವ್ಯಾಯಾಮ ಮತ್ತು ಅರಿವಿನ ವರ್ತನಾ ಚಿಕಿತ್ಸೆ ಮುಖ್ಯ ಉಪಾಯಗಳಾಗಿವೆ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1997ರಲ್ಲಿ ಆರಂಭವಾದ ದೂರದರ್ಶನ ಪ್ರಚಾರವು ‘ಮಲಗಬೇಡಿ, ಚಟುವಟಿಕೆಯಿಂದಿರಿ’ ಎಂಬ ಆಶಯವನ್ನು ಸಾರಿತು. ಅದರಿಂದ ಜನರ ನಂಬಿಕೆಗಳು ಬದಲಾದುದಲ್ಲದೆ ಬೆನ್ನುನೋವಿನ ಪರಿಹಾರಧನದ ಅರ್ಜಿಗಳೂ ಇಳಿದವು.

ತಪ್ಪು ಗ್ರಹಿಕೆ

ಮನಸ್ಸಿನ ಪಾತ್ರವನ್ನು ಹೇಳಿದಾಗ ನೋವು ಕೇವಲ ಕಲ್ಪನೆ ಅಥವಾ ನಟನೆ ಎಂದು ಭಾವಿಸುವುದುಂಟು. ಇದು ಸರಿಯಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ನೋವನ್ನು ಇಂದ್ರಿಯ ಮತ್ತು ಭಾವನೆ ಎರಡೂ ಕೂಡಿದ ಅನುಭವವೆಂದು ವ್ಯಾಖ್ಯಾನಿಸಿದೆ. ವ್ಯಕ್ತಿಯು ತನ್ನ ನೋವನ್ನು ಹೇಳಿಕೊಂಡಾಗ ಅದನ್ನು ಗೌರವಿಸಬೇಕೆಂದು 2020ರ ಪರಿಷ್ಕರಣೆಯ ಟಿಪ್ಪಣಿ ತಿಳಿಸುತ್ತದೆ. ಅಪನಂಬಿಕೆಗೆ ಗುರಿಯಾದ ರೋಗಿಯ ಯಾತನೆ ಹೆಚ್ಚುವುದರಿಂದ, ನೋವನ್ನು ನಂಬುವುದು ಸಹ ಚಿಕಿತ್ಸೆಯ ಭಾಗವೇ ಆಗಿದೆ.